ಸುಣ್ಣದ ಗೆರೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ 1986–87ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡದ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಕ್ರೀಡಾಪಟು' ಎಂದು ಅಚ್ಚಾಗಿದೆ. ಮೊದಲು ಅದನ್ನು ತಿದ್ದಬೇಕು. ನಾನು ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿ ಸೇರಿದವನು, ಈಗ ಬೆಂಗಳೂರಿನ ಕಚೇರಿಯೊಂದರಲ್ಲಿ ಕಡತ ನೋಡುವವನು. ಬೆಂಗಳೂರಿನ ಓಟದಲ್ಲಿ ಕೊರಳಿಗೆ ಪದಕ ಹಾಕಿಕೊಂಡಿದ್ದ ನನ್ನ ಫೋಟೋ ಒಂದನ್ನು ನೋಡಿ ಸಮಿತಿಯವರು 'ಆರೋಗ್ಯ ಮತ್ತು ಕ್ರೀಡೆ' ಎಂಬ ವಿಷಯ ಕೊಟ್ಟು ಕರೆದಿದ್ದಾರೆ. ಆ ಪದಕದ ಗುಟ್ಟು ಹೇಳಿಬಿಡುತ್ತೇನೆ. ಕೊನೆಯವರೆಗೂ ಓಡಿ ಮುಗಿಸಿದ ಸಾವಿರಾರು ಜನರಿಗೂ ಅದನ್ನು ಕೊಡುತ್ತಾರೆ. ಆ ಓಟದಲ್ಲಿ ನನ್ನನ್ನು ದಾಟಿ ಹೋದವರನ್ನು ಎಣಿಸುವುದಕ್ಕಿಂತ, ನಾನು ದಾಟಿದವರನ್ನು ಎಣಿಸುವುದು ಸುಲಭ.

ನನ್ನ ಸಹಪಾಠಿಗಳು ಈಗಾಗಲೇ ನಗುತ್ತಿದ್ದಾರೆ. ಅವರಿಗೆ ಗೊತ್ತು, ಈ ಶಾಲೆಯಲ್ಲಿದ್ದ ಮೂರು ವರ್ಷದಲ್ಲಿ ನಾನು ಈ ಮೈದಾನದಲ್ಲಿ ಒಂದು ಸುತ್ತೂ ಓಡಿದವನಲ್ಲ. ಆದರೆ ಯಾಕೆ ಓಡಲಿಲ್ಲ ಎಂಬುದು ಅವರಿಗೂ ಗೊತ್ತಿಲ್ಲ. ಇವತ್ತು ಅದನ್ನು ಹೇಳುವುದಕ್ಕೇ ಬಂದಿದ್ದೇನೆ.

1984ರ ಜೂನ್‌ನಲ್ಲಿ ನಾನು ಇಲ್ಲಿ ಎಂಟನೇ ತರಗತಿಗೆ ಸೇರಿದೆ. ಮನೆಯಲ್ಲಿ ಒಬ್ಬನೇ ಗಂಡುಮಗ, ಅಜ್ಜಿಯ ಕೈಯ ಬೆಣ್ಣೆ ತಿಂದು ಬೆಳೆದವನು, ಮೈ ಸ್ವಲ್ಪ ದಪ್ಪವೇ ಇತ್ತು. ಮೊದಲ ವಾರ ಪಿ.ಟಿ. ಪೀರಿಯಡ್ಡಿನಲ್ಲಿ ಮೇಷ್ಟ್ರು ಎಲ್ಲರನ್ನೂ ಎರಡು ಸುತ್ತು ಓಡಿಸಿದರು. ಎಲ್ಲರದೂ ಮುಗಿದು ಅವರು ಬೇವಿನ ಮರದ ಕೆಳಗೆ ಕೂತಾಗ ನನಗೆ ಇನ್ನೂ ಅರ್ಧ ಸುತ್ತು ಬಾಕಿ. ಆಗ ಯಾರೋ ಒಬ್ಬ, ಗಾಡಿ ಎತ್ತನ್ನು ಏರು ಹತ್ತಿಸುವವರ ಹಾಗೆ ಬಾಯಲ್ಲಿ ಸದ್ದು ಮಾಡುತ್ತಾ ಚಪ್ಪಾಳೆ ತಟ್ಟಲು ಶುರುಮಾಡಿದ. ನಲವತ್ತು ಜನ ಸೇರಿಕೊಂಡರು. ಹುಡುಗಿಯರ ಸಾಲಿನಲ್ಲೂ ನಗು. ಚಪ್ಪಾಳೆ ಶುರುಮಾಡಿದವನು ಈಗ ಮೂರನೇ ಸಾಲಿನಲ್ಲಿ ಕೂತಿದ್ದಾನೆ, ಹೆಸರು ಹೇಳುವುದಿಲ್ಲ. ಅವನ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವತ್ತು ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ನಮ್ಮ ಸೋದರಮಾವ ಒಬ್ಬರು ಪಕ್ಕದ ಊರಿನಲ್ಲಿ ಡಾಕ್ಟರೊಬ್ಬರ ಹತ್ತಿರ ಕಾಂಪೌಂಡರ್ ಆಗಿದ್ದರು. ಭಾನುವಾರ ಅವರ ಮನೆಗೆ ಹೋಗಿ ಅತ್ತೂ ಕರೆದೂ ಒಂದು ಚೀಟಿ ಬರೆಸಿಕೊಂಡೆ. 'ಈ ಹುಡುಗನಿಗೆ ಚಿಕ್ಕಂದಿನಿಂದ ಉಬ್ಬಸ ಇದೆ, ಓಡಿಸಬಾರದು.' ನನಗೆ ಉಬ್ಬಸವೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ಸೋಮವಾರ ಚೀಟಿಯನ್ನು ಪಿ.ಟಿ. ಮೇಷ್ಟ್ರ ಕೈಗಿತ್ತೆ. ಅವರು ಓದಿದರು, ನನ್ನ ಮುಖ ನೋಡಿದರು, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. "ಸರಿ, ಓಡಬೇಡ. ಸುಣ್ಣದ ಡಬ್ಬ ಹಿಡ್ಕೊಂಡು ಬಾ ನನ್ನ ಜೊತೆ" ಅಂದರು.

ಅಂದಿನಿಂದ ಮೂರು ವರ್ಷ ಈ ಮೈದಾನಕ್ಕೆ ಗೆರೆ ಹಾಕಿದವನು ನಾನು.

ಮಕ್ಕಳೇ, ನೀವು ಓಡುವ ಟ್ರ್ಯಾಕನ್ನು ಹೇಗೆ ಹಾಕುತ್ತಾರೆಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮೈದಾನದ ನಡುವೆ 40 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಬೇಕು. ಒಂದೊಂದು ಗೂಟಕ್ಕೂ 18 ಮೀಟರ್ 90 ಸೆಂಟಿಮೀಟರ್ ಹಗ್ಗ ಕಟ್ಟಿ, ಹಗ್ಗ ಸಡಿಲವಾಗದ ಹಾಗೆ ಹಿಡಿದು ಅರ್ಧ ವೃತ್ತ ಎಳೆಯಬೇಕು. ಎರಡು ಅರ್ಧ ವೃತ್ತಗಳನ್ನು ನೇರ ಗೆರೆಗಳಿಂದ ಸೇರಿಸಿದರೆ 200 ಮೀಟರಿನ ಒಂದು ಸುತ್ತು. ಲೆಕ್ಕ ಹಾಕಿ ನೋಡಿದರೆ ಸ್ವಲ್ಪ ಕಡಿಮೆ ಬರುತ್ತದೆ. ನಾನೂ ಹಾಗೇ ವಾದ ಮಾಡಿದ್ದೆ. ಮೇಷ್ಟ್ರು ಹೇಳಿದರು: "ಗೆರೆ ಮೇಲೇ ಯಾರೂ ಓಡಲ್ಲ ಕಣೋ. ಗೆರೆಯಿಂದ 20 ಸೆಂಟಿಮೀಟರ್ ಆಚೆ ಓಡ್ತಾರೆ ಅಂತ ಲೆಕ್ಕ. ಅದನ್ನ ಸೇರಿಸಿ ಗುಣಿಸು." ಸೇರಿಸಿದೆ. 19 ಮೀಟರ್ 10 ಸೆಂಟಿಮೀಟರ್ ತ್ರಿಜ್ಯಕ್ಕೆ ಎರಡು ತಿರುವು ಸೇರಿ 120 ಮೀಟರ್, ಎರಡು ನೇರ ಬದಿ ಸೇರಿ 80, ಒಟ್ಟು 200. ಗಣಿತದ ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಅರ್ಥವಾಗದ 'ಪೈ' ನನಗೆ ಅರ್ಥವಾದದ್ದು ಈ ಮಣ್ಣಿನ ಮೇಲೆ, ಹಗ್ಗದ ತುದಿಯಲ್ಲಿ.

ಒಂದು ಲೇನಿನ ಅಗಲ 1 ಮೀಟರ್ 22 ಸೆಂಟಿಮೀಟರ್. ಹೊರಗಿನ ಲೇನಿನವನು ಒಂದು ಸುತ್ತಿಗೆ ಒಳಗಿನವನಿಗಿಂತ ಸುಮಾರು 7 ಮೀಟರ್ 67 ಸೆಂಟಿಮೀಟರ್ ಹೆಚ್ಚು ಓಡಬೇಕು. ಆದ್ದರಿಂದ ಓಟ ಶುರುವಾಗುವಾಗ ಅವನನ್ನು ಅಷ್ಟು ಮುಂದೆ ನಿಲ್ಲಿಸುತ್ತಾರೆ. "ಇದು ಅನ್ಯಾಯ ಅಲ್ವಾ ಸಾರ್, ಅವನು ಮುಂದೆ ನಿಂತಿದ್ದಾನಲ್ಲ?" ಎಂದು ಕೇಳಿದ್ದೆ. ಮೇಷ್ಟ್ರು, "ಮುಂದೆ ನಿಂತೋನು ಮುಂದೆ ಇದ್ದಾನೆ ಅಂದ್ಕೋಬೇಡ. ಅವನ ದಾರಿ ಉದ್ದ" ಅಂದರು. ನಲವತ್ತು ವರ್ಷವಾದರೂ ನನಗೆ ಮರೆಯದ ಮಾತು ಅದು.

ಹಾಲಿನ ಪುಡಿ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಅದರೊಳಗೆ ಸುಣ್ಣದ ಪುಡಿ ತುಂಬಿ, ಹಗ್ಗದ ಗುಂಟ ಅಲ್ಲಾಡಿಸುತ್ತಾ ಹೋಗುತ್ತಿದ್ದೆ. ಗಾಳಿ ಬಂದರೆ ಮುಖ, ಕೂದಲು, ರೆಪ್ಪೆ ಎಲ್ಲಾ ಬೆಳ್ಳಗಾಗುತ್ತಿತ್ತು. ವಲಯ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟ ಇಲ್ಲಿ ನಡೆದಾಗ ಬೇರೆ ಶಾಲೆಯ ಮೇಷ್ಟ್ರುಗಳು "ಗೆರೆ ಯಾರು ಹಾಕಿದ್ದು, ಚೆನ್ನಾಗಿದೆ" ಎಂದು ಕೇಳುತ್ತಿದ್ದರು. ಆ ಮಾತಿನ ಬಲದಿಂದಲೇ ನಾನು ಮುಂದೆ ಭೂಮಾಪನ ಕಲಿತೆ, ಕೆಲಸಕ್ಕೆ ಸೇರಿದೆ, ಸರಪಳಿ ಹಿಡಿದು ಹೊಲಗದ್ದೆ ಅಳೆದೆ. ಹೊಟ್ಟೆಗೆ ಅನ್ನ ಕೊಟ್ಟ ವಿದ್ಯೆ ಈ ಮೈದಾನದ್ದು. ಆದರೆ ನಾನು ಹಾಕಿದ ಗೆರೆಯನ್ನು ಓಡಿ ದಾಟಿದವರೆಲ್ಲ ಬೇರೆಯವರೇ.

ಹದಿನೈದು ವರ್ಷ ಹೊಲ ತಿರುಗಿದ ಮೇಲೆ ಬೆಂಗಳೂರಿಗೆ ವರ್ಗವಾಗಿ ಕುರ್ಚಿಗೆ ಅಂಟಿಕೊಂಡೆ. ಬೆಳಿಗ್ಗೆ ಬಸ್ಸು, ಹಗಲೆಲ್ಲ ಕಡತ, ಗಂಟೆಗೊಮ್ಮೆ ಕಾಫಿ, ಸಂಜೆ ಬೋಂಡ. 2017ರಲ್ಲಿ ನನಗೆ 46 ವರ್ಷ. ಪದೇ ಪದೇ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಏಳುವುದು, ಕಾಲಿನ ಗಾಯ ಒಂದು ತಿಂಗಳಾದರೂ ಮಾಯಲಿಲ್ಲ. ಮನೆಯವಳು ಗದರಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂಬ ಅಂಕಿ 9.1 ಇತ್ತು. ಆರೂವರೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. ನಮ್ಮ ತಂದೆಗೂ ಇದೇ ಕಾಯಿಲೆ ಇತ್ತು. ಕೊನೆಗೆ ಎಡಗಾಲಿನ ಎರಡು ಬೆರಳು ತೆಗೆಸಬೇಕಾಯಿತು. ಅವರು ತೀರಿಕೊಂಡಾಗ 58 ವರ್ಷ. ಡಾಕ್ಟರ ಎದುರು ಕೂತಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕಾಲು.

ಡಾಕ್ಟರು ಮಾತ್ರೆ ಬರೆದರು. "ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೀರಿ. ಆಮೇಲೆ ನಿಧಾನವಾಗಿ ಓಡೋದಕ್ಕೂ ಶುರು ಮಾಡಬಹುದು" ಎಂದರು. ನಾನು ಕೂಡಲೇ, "ಆಗಲ್ಲ ಡಾಕ್ಟ್ರೇ. ನನಗೆ ಚಿಕ್ಕಂದಿನಿಂದ ಉಬ್ಬಸ" ಎಂದೆ.

ದಯವಿಟ್ಟು ಗಮನಿಸಿ. ಸುಳ್ಳು ಹೇಳಬೇಕೆಂದು ನಾನು ಆ ಮಾತು ಹೇಳಲಿಲ್ಲ. ಮೂವತ್ತಮೂರು ವರ್ಷ ಎಲ್ಲರಿಗೂ ಅದೇ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ 'ನನಗೆ ಉಬ್ಬಸ ಇದೆಯಲ್ಲ' ಎಂದುಕೊಳ್ಳುತ್ತಿದ್ದೆ. ಮಗಳು ಚಿಕ್ಕವಳಿದ್ದಾಗ ಓಡಿ ಹಿಡಿಯೋ ಆಟಕ್ಕೆ ಕರೆದರೆ, "ಅಪ್ಪನಿಗೆ ಉಬ್ಬಸ ಮಗಳೇ" ಎಂದು ಕೂತಲ್ಲೇ ಕೂತಿದ್ದೆ. ಡಾಕ್ಟರು ಒಂದು ನಳಿಕೆ ಕೊಟ್ಟು ಜೋರಾಗಿ ಊದಿಸಿದರು, ಎದೆಗೆ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. "ನಿಮಗೆ ಉಬ್ಬಸ ಇದೆ ಅಂತ ಹೇಳಿದ್ದು ಯಾರು? ಶ್ವಾಸಕೋಶ ಚೆನ್ನಾಗೇ ಇದೆ" ಎಂದರು. ಯಾರು ಹೇಳಿದ್ದು ಎಂದು ನಾನು ಏನು ಉತ್ತರ ಕೊಡಲಿ? ಮನೆಯವಳು ಪಕ್ಕದಲ್ಲೇ ಇದ್ದಳು. ಹೊರಗೆ ಬಂದ ಮೇಲೆ ಬಸ್ ಸ್ಟಾಪಿನಲ್ಲಿ ನಿಂತು ಅವಳಿಗೆ ಚೀಟಿಯ ಕಥೆ ಹೇಳಿದೆ. ಅವಳು ನಗಲಿಲ್ಲ. "ನಾಳೆಯಿಂದ ನಡೀರಿ" ಎಂದಷ್ಟೇ ಹೇಳಿದಳು.

ನಡೆದೆ. ಮನೆ ಹತ್ತಿರದ ಪಾರ್ಕಿನಲ್ಲಿ ಮೊದಲ ಎರಡು ತಿಂಗಳು ಬರೀ ನಡಿಗೆ. ಮೂರನೇ ತಿಂಗಳು ಒಂದು ಲೈಟ್ ಕಂಬದಿಂದ ಇನ್ನೊಂದು ಕಂಬದವರೆಗೆ ಓಟ, ಮುಂದಿನ ಎರಡು ಕಂಬ ನಡಿಗೆ. ಯಾರಾದರೂ ಎದುರಿಗೆ ಬಂದರೆ ನಾಚಿಕೆಯಾಗಿ ಓಟ ನಿಲ್ಲಿಸಿ ಫೋನ್ ನೋಡುವವನಂತೆ ನಟಿಸುತ್ತಿದ್ದೆ. ಹಿಂದಿನಿಂದ ಆ ಚಪ್ಪಾಳೆ ಇನ್ನೂ ಕೇಳಿಸುತ್ತಿತ್ತು ಎಂದರೆ ನಂಬುತ್ತೀರಾ? ಪಾರ್ಕಿನಲ್ಲಿ ಯಾರೂ ನನ್ನನ್ನು ನೋಡುತ್ತಲೇ ಇರಲಿಲ್ಲ ಎಂದು ತಿಳಿಯಲು ಬಹಳ ದಿನ ಬೇಕಾಯಿತು.

2018ರ ಬೇಸಿಗೆಯಲ್ಲಿ ಮಗಳು ನನ್ನನ್ನು ಕೇಳದೆಯೇ ನನ್ನ ಹೆಸರು ನೋಂದಾಯಿಸಿದಳು. ಬೆಂಗಳೂರಿನಲ್ಲಿ 2008ರಿಂದ 'ವರ್ಲ್ಡ್ 10ಕೆ' ಎಂಬ ಹತ್ತು ಕಿಲೋಮೀಟರ್ ಓಟ ನಡೆಯುತ್ತಿದೆ. ಕೀನ್ಯಾ, ಇಥಿಯೋಪಿಯಾಗಳಿಂದ ಜಗತ್ತಿನ ಶ್ರೇಷ್ಠ ಓಟಗಾರರು ಬರುತ್ತಾರೆ. ಅದೇ ದಿನ ಸಾಮಾನ್ಯರಿಗೂ ಹತ್ತು ಕಿಲೋಮೀಟರ್ ಓಟ ಇರುತ್ತದೆ, ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ ಬೇರೆ ಬೇರೆ ಓಟ ಇರುತ್ತವೆ. ಇವೆಲ್ಲದರ ಜೊತೆಗೆ 'ಮಜ್ಜಾ ರನ್' ಎಂದು ಒಂದಿದೆ. ಹೆಸರೇ ಹೇಳುವ ಹಾಗೆ ಅದು ಮಜಕ್ಕಾಗಿ ಓಡುವ ಓಟ. ನಾನು ಹೋದ ವರ್ಷ ಅದು ಸುಮಾರು ಐದೂವರೆ ಕಿಲೋಮೀಟರ್ ಇತ್ತು. ಅಂದರೆ ನಮ್ಮ ಈ ಮೈದಾನದ ಇಪ್ಪತ್ತೇಳೂವರೆ ಸುತ್ತು. ಅದರಲ್ಲಿ ಸಮಯ ಅಳೆಯುವುದಿಲ್ಲ, ಬಹುಮಾನಕ್ಕೆ ಸ್ಥಾನ ಇಲ್ಲ. ಮಗಳು ಹೇಳಿದಳು: "ಅಪ್ಪಾ, ಇದರಲ್ಲಿ ಲಾಸ್ಟ್ ಬರೋಕೆ ನಿನಗೆ ಆಗಲ್ಲ. ಲಾಸ್ಟ್ ಅನ್ನೋದೇ ಇಲ್ಲ."

ಮೊದಲ ಸಲ ಹೋಗುವವರು ಮಾಡುವ ತಪ್ಪುಗಳನ್ನೆಲ್ಲ ನಾನು ಮಾಡಿದೆ. ಹಿಂದಿನ ದಿನ ಹೊಸ ಬೂಟು ಕೊಂಡೆ, ಹಿಮ್ಮಡಿಗೆ ಬೊಬ್ಬೆ ಬಂತು. ಶಕ್ತಿ ಬೇಕೆಂದು ಬೆಳಿಗ್ಗೆ ಐದು ಇಡ್ಲಿ ತಿಂದೆ, ಓಡುವಾಗ ಐದೂ ಜೊತೆಯಲ್ಲೇ ಕುಣಿದವು. ಓಟ ಶುರುವಾದ ಕೂಡಲೇ ಜನರ ಅಬ್ಬರಕ್ಕೆ ಮರುಳಾಗಿ ಬಾಣದಂತೆ ಹೊರಟೆ.

ಆ ಜನಸಾಗರವನ್ನು ಹೇಗೆ ವರ್ಣಿಸಲಿ! ನಮ್ಮ ಜಾತ್ರೆಯ ತೇರಿನ ಹಿಂದೆ ಎಲ್ಲರೂ ಬೂಟು ಹಾಕಿಕೊಂಡು ಹೊರಟ ಹಾಗಿತ್ತು. ಹುಲಿವೇಷದವರು, ಮೈಸೂರು ಪೇಟ ತೊಟ್ಟವರು, ಕಚ್ಚೆ ಪಂಚೆಯವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, 'ಕೆರೆ ಉಳಿಸಿ', 'ರಕ್ತದಾನ ಮಾಡಿ' ಎಂದು ಫಲಕ ಹಿಡಿದವರು. ತಮ್ಮ ನೆಚ್ಚಿನ ಸೇವಾ ಸಂಸ್ಥೆಗೆ ದೇಣಿಗೆ ಕೂಡಿಸಿ ಓಡುವವರೂ ಬಹಳ ಜನ. ರಸ್ತೆ ಪಕ್ಕದಲ್ಲಿ ತಮಟೆ. ಕಬ್ಬನ್ ಪಾರ್ಕ್ ಸುತ್ತಮುತ್ತ ಮೇ ತಿಂಗಳ ಗುಲ್‌ಮೊಹರ್ ಕೆಂಪಗೆ ಅರಳಿತ್ತು. ದಿನವೂ ಬಸ್ಸಿನಲ್ಲಿ ಹಾರನ್ನಿನ ನಡುವೆ ಸಿಕ್ಕಿಕೊಳ್ಳುವ ರಸ್ತೆಯಲ್ಲಿ ಅವತ್ತು ಒಂದು ವಾಹನ ಇಲ್ಲ. ಸಾವಿರಾರು ಬೂಟುಗಳ ಸದ್ದು ಮಾತ್ರ, ಮಳೆ ಬಂದ ಹಾಗೆ.

ಒಂದು ಕಿಲೋಮೀಟರ್ ಮುಗಿಯುವುದರೊಳಗೆ ನನ್ನ ಬಾಣ ಮೊಂಡಾಯಿತು. ಎದೆ ಡವಗುಟ್ಟಿ, ಬಾಯಿ ಒಣಗಿ, ಪಾದಚಾರಿ ಮಾರ್ಗದ ಕಟ್ಟೆ ಹಿಡಿದು ನಿಂತೆ. 'ಉಬ್ಬಸ ಬಂತು' ಎಂದು ಒಳಗಿನಿಂದ ಹಳೆಯ ಸ್ವರ ಹೇಳಿತು. ಮನೆಗೆ ಹೋಗಿಬಿಡೋಣ ಅನ್ನಿಸಿತು. ಬೇಲಿ ಪಕ್ಕದಲ್ಲಿ ಹೊರಗೆ ಹೋಗಲು ದಾರಿಯೂ ಇತ್ತು. ಅಷ್ಟರಲ್ಲಿ ಸೀರೆ ಎತ್ತಿ ಕಟ್ಟಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡ ಅಜ್ಜಿಯೊಬ್ಬರು, ಎಪ್ಪತ್ತರ ಆಸುಪಾಸಿನವರು, ಪುಟುಪುಟು ಹೆಜ್ಜೆ ಹಾಕುತ್ತಾ ಬಂದರು. ನನ್ನನ್ನು ನೋಡಿ, ನಿಲ್ಲದೆಯೇ, "ಮೆಲ್ಲಗೆ ಬಾಪ್ಪ, ರಸ್ತೆ ಎಲ್ಲೂ ಓಡಿಹೋಗಲ್ಲ" ಎಂದು ಹೇಳಿ ಮುಂದೆ ಹೋದರು.

ಅವರ ಹಿಂದೆಯೇ ಹೊರಟೆ. ಅವರ ವೇಗವೇ ನನ್ನ ವೇಗ. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು. ಅದು ಉಬ್ಬಸ ಅಲ್ಲ, ಅಭ್ಯಾಸವಿಲ್ಲದವನು ಅವಸರಪಟ್ಟರೆ ಎಲ್ಲರಿಗೂ ಬರುವ ಏದುಸಿರು. ನಾನು ಹದಿಮೂರನೇ ವಯಸ್ಸಿನಲ್ಲಿ ಅವತ್ತು ಅರ್ಧ ಸುತ್ತಿನಲ್ಲಿ ಅನುಭವಿಸಿದ್ದೂ ಅದೇ. ಆಗ ಯಾರಾದರೂ 'ಮೆಲ್ಲಗೆ ಬಾಪ್ಪ' ಎಂದಿದ್ದರೆ!

ಕೊನೆಗೆ ಮುಕ್ತಾಯದ ಕಮಾನು ಕಂಡಿತು. ರಸ್ತೆಗೆ ಅಡ್ಡಲಾಗಿ ಬಿಳಿ ಗೆರೆ. ಪೇಂಟಿನ ಗೆರೆಯೇ, ಸುಣ್ಣದ್ದಲ್ಲ. ಅದರ ಮುಂದೆ ಒಂದು ಕ್ಷಣ ನಿಂತುಬಿಟ್ಟೆ. ಹಿಂದಿನಿಂದ ಬಂದವರು ಡಿಕ್ಕಿ ಹೊಡೆದು "ಸಾರ್, ಹೋಗಿ ಹೋಗಿ" ಎಂದರು. ಮೂರು ವರ್ಷ ಗೆರೆ ಹಾಕಿದವನು ಮೂವತ್ತನಾಲ್ಕನೇ ವರ್ಷಕ್ಕೆ ಒಂದು ಗೆರೆ ದಾಟಿದೆ. ಅಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಯಾರಿಗೆ ಎಂದರೆ ಎಲ್ಲರಿಗೂ. ಅದೇ ಕೈ, ಅದೇ ಸದ್ದು, ಆದರೆ ಆ ಚಪ್ಪಾಳೆ ಬೇರೆ.

ಮರುವರ್ಷ, 2019ರಲ್ಲಿ, ಹತ್ತು ಕಿಲೋಮೀಟರ್ ಓಟಕ್ಕೇ ಸೇರಿದೆ. ನಮ್ಮ ಮೈದಾನದ ಐವತ್ತು ಸುತ್ತು. ಅದರಲ್ಲಿ ಪ್ರತಿಯೊಬ್ಬರ ಸಮಯವನ್ನೂ ಒಂದು ಪುಟ್ಟ ಚಿಪ್ಪು ದಾಖಲಿಸುತ್ತದೆ, ನಟಿಸುವ ಹಾಗಿಲ್ಲ. ನನಗೆ 1 ಗಂಟೆ 27 ನಿಮಿಷ ಹಿಡಿಯಿತು. ಆ ವರ್ಷ ಮಹಿಳೆಯರಲ್ಲಿ ಗೆದ್ದವರು ಕೀನ್ಯಾದ ಆಗ್ನೆಸ್ ತಿರೋಪ್. ಅವರಿಗೆ ನನ್ನ ಅರ್ಧದಷ್ಟು ಸಮಯವೂ ಬೇಕಾಗಲಿಲ್ಲ. ಯೋಚಿಸಿ ನೋಡಿ, ಕ್ರಿಕೆಟ್ಟಿನ ಅಂತರರಾಷ್ಟ್ರೀಯ ಪಂದ್ಯ ನಡೆಯುವ ದಿನ ಅದೇ ಪಿಚ್ಚಿನ ಮೇಲೆ ನಮ್ಮನ್ನು ಬ್ಯಾಟು ಹಿಡಿಯಲು ಬಿಡುತ್ತಾರೆಯೇ? ಓಟದಲ್ಲಿ ಮಾತ್ರ ಒಂದೇ ಬೆಳಿಗ್ಗೆ, ಅದೇ ನಗರದ ಬೀದಿಗಳಲ್ಲಿ, ಜಗತ್ತಿನ ಶ್ರೇಷ್ಠರಿಗೂ ನನ್ನಂಥವನಿಗೂ ಜಾಗ ಇರುತ್ತದೆ.

ಆರೋಗ್ಯದ ವಿಷಯ ಕೊಟ್ಟಿದ್ದಾರೆ, ಅದನ್ನೂ ನಾಲ್ಕು ಮಾತಿನಲ್ಲಿ ಹೇಳಬೇಕು. ನನ್ನ 9.1 ಒಂದೂವರೆ ವರ್ಷದಲ್ಲಿ 6.8ಕ್ಕೆ ಇಳಿಯಿತು. ಕಾಯಿಲೆ ಹೋಗಲಿಲ್ಲ. ಈಗಲೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಓಡಿದರೆ ಮಾತ್ರೆ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದನ್ನು ಡಾಕ್ಟರೇ ಹೇಳಬೇಕು. ನನ್ನ ವಯಸ್ಸಿನ ಗೆಳೆಯರು ಓಟ ಶುರುಮಾಡುವ ಮೊದಲು ಒಮ್ಮೆ ಎದೆ, ರಕ್ತದೊತ್ತಡ, ಸಕ್ಕರೆ ತೋರಿಸಿಕೊಳ್ಳಿ. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗ ಸಾಕು. ಮಾತು ಕಡಿದರೆ ನಡೆಯಿರಿ. ಎದೆ ನೋವು, ತಲೆ ಸುತ್ತು ಬಂದರೆ ನಿಲ್ಲಿ, ಅಲ್ಲಿ ಹಟ ಬೇಡ. ಸಕ್ಕರೆ ಕಾಯಿಲೆಯವರು ಜೇಬಿನಲ್ಲಿ ಸ್ವಲ್ಪ ಸಕ್ಕರೆಯೋ ಗ್ಲೂಕೋಸೋ ಇಟ್ಟುಕೊಳ್ಳಿ, ಬರಿಗಾಲಲ್ಲಿ ಓಡಬೇಡಿ, ಮನೆಗೆ ಬಂದು ಪಾದ ನೋಡಿಕೊಳ್ಳಿ. ಹೊಸ ಬೂಟನ್ನು ಓಟದ ದಿನ ಹಾಕಬೇಡಿ. ಇಡ್ಲಿ ಎರಡೇ ಸಾಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮಜ್ಜಾ ರನ್ ಮುಗಿದ ಮುಂದಿನ ಭಾನುವಾರ ಊರಿಗೆ ಬಂದು ಪಿ.ಟಿ. ಮೇಷ್ಟ್ರ ಮನೆಗೆ ಹೋದೆ. ಅವರು ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಲಿಗೆ ನಮಸ್ಕಾರ ಮಾಡಿ, "ಸಾರ್, 1984ರಲ್ಲಿ ನಾನು ಕೊಟ್ಟ ಚೀಟಿ ಸುಳ್ಳು. ನನಗೆ ಉಬ್ಬಸ ಇರಲಿಲ್ಲ" ಎಂದೆ.

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಕಣೋ. ಉಬ್ಬಸ ಇರೋನು ಮೂರು ವರ್ಷ ಸುಣ್ಣದ ಧೂಳು ಕುಡಿದು ಒಂದು ದಿನ ಕೆಮ್ಮದೆ ಇರ್ತಾನೇನೋ?" ಎಂದರು.

ನನಗೆ ಮಾತೇ ಹೊರಡಲಿಲ್ಲ. "ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಸಾರ್?" ಎಂದು ಕೇಳಿದೆ.

"ಅವತ್ತು ಹುಡುಗರು ಚಪ್ಪಾಳೆ ಹೊಡೆದದ್ದು ನಾನೂ ಕೇಳಿಸ್ಕೊಂಡಿದ್ದೆ. ಚೀಟಿ ಹರಿದುಹಾಕಿ ಓಡಿಸಿದ್ರೆ ನೀನು ಶಾಲೆ ಬಿಟ್ಟುಬಿಡ್ತಿದ್ದೆ. ಸುಣ್ಣ ಕೊಟ್ಟರೆ ಮೈದಾನದಲ್ಲಾದರೂ ಇರ್ತಾನೆ ಅಂದ್ಕೊಂಡೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಆದ್ರೆ ನಂದೂ ತಪ್ಪಿದೆ. ಆಮೇಲೆ ಯಾವತ್ತಾದರೂ ಸಂಜೆ, ಯಾರೂ ಇಲ್ಲದಾಗ, ಬಾರೋ ಇಬ್ಬರೂ ಒಂದು ಸುತ್ತು ಹೋಗೋಣ ಅಂತ ಕರೀಬೇಕಿತ್ತು. ತಾಲ್ಲೂಕಿಗೆ ಯಾರು ಗೆಲ್ತಾರೆ, ತುಮಕೂರಿಗೆ ಯಾರು ಹೋಗ್ತಾರೆ ಅನ್ನೋದೇ ನನಗೆ ಆಗ ತಲೆ ತುಂಬ."

ಆ ಮೇಷ್ಟ್ರು ಇವತ್ತು ನಮ್ಮೆದುರು ಮೊದಲ ಸಾಲಿನಲ್ಲಿ ಕೂತಿದ್ದಾರೆ. ಅವರ ಅಪ್ಪಣೆ ಪಡೆದೇ ಈ ಮಾತು ಹೇಳಿದ್ದೇನೆ. ಸಾರ್, ತಪ್ಪು ನಿಮ್ಮದಲ್ಲ, ಚೀಟಿ ಬರೆಸಿದವನದು. ಆದರೆ ಈ ಶಾಲೆಯ ಇಂದಿನ ಗುರುಗಳಿಗೆ ನಿಮ್ಮ ಮಾತು ತಲುಪಲಿ ಎಂದು ಇಲ್ಲಿ ಹೇಳಿದೆ. ಗೆಲ್ಲುವ ನಾಲ್ಕು ಮಕ್ಕಳ ಜೊತೆಗೆ, ಹೊಟ್ಟೆನೋವು ಎಂದು ಮರದ ಕೆಳಗೆ ಕೂರುವ ಮಕ್ಕಳನ್ನೂ ಒಮ್ಮೆ ಮಾತಾಡಿಸಿ. ಅದರಲ್ಲೂ ದೊಡ್ಡವರಾದೆವೆಂದು ಓಟ ನಿಲ್ಲಿಸುವ ಹೆಣ್ಣುಮಕ್ಕಳನ್ನು.

ಕೊನೆಯದಾಗಿ ಒಂದು ಪ್ರಾರ್ಥನೆ. ಸುವರ್ಣ ಮಹೋತ್ಸವದ ನೆನಪಿಗೆ ಒಂದು ಭವನ ಕಟ್ಟಲು ನಾವೆಲ್ಲ ಹಣ ಕೂಡಿಸಿದ್ದೇವೆ. ನನ್ನ ಪಾಲೂ ಅದರಲ್ಲಿದೆ. ಭವನ ಬೇಕು, ಅದರ ಬಗ್ಗೆ ಎರಡು ಮಾತಿಲ್ಲ. ನಕ್ಷೆಯಲ್ಲಿ ಅದನ್ನು ಮೈದಾನದ ಪೂರ್ವದ ತುದಿಯಲ್ಲಿ ತೋರಿಸಿದ್ದಾರೆ, ರಸ್ತೆಗೆ ಚೆನ್ನಾಗಿ ಕಾಣಲಿ ಎಂದು. ಸಮಿತಿಯವರ ಉದ್ದೇಶ ಒಳ್ಳೆಯದೇ. ಆದರೆ ನಾನು ಅಳೆಯುವ ಕಸುಬಿನವನು. ನಿನ್ನೆ ಸಂಜೆ ಟೇಪು ಹಿಡಿದು ಅಳೆದೆ, ಇಬ್ಬರು ಒಂಬತ್ತನೇ ತರಗತಿ ಮಕ್ಕಳು ಇನ್ನೊಂದು ತುದಿ ಹಿಡಿದರು. ಮೈದಾನ ಉದ್ದ 98 ಮೀಟರ್, ಅಗಲ 60. ಆರು ಲೇನಿನ 200 ಮೀಟರ್ ಟ್ರ್ಯಾಕಿಗೆ ಸುಮಾರು 93 ಮೀಟರ್ ಉದ್ದ, 53 ಮೀಟರ್ ಅಗಲ ಬೇಕು. ಈಗ ಸರಿಯಾಗಿ ಹಿಡಿಸುತ್ತದೆ. ಭವನ ಪೂರ್ವದಲ್ಲಿ 18 ಮೀಟರ್ ತೆಗೆದುಕೊಂಡರೆ ಉಳಿಯುವುದು 80. ಕಾಗದದ ಮೇಲೆ ತಿರುಗಿಸಿ ಮುರುಗಿಸಿ ನೋಡಿದೆ. ಗೂಟ ಸರಿಸಿ, ತಿರುವು ಅಗಲಿಸಿ, ಕಾಂಪೌಂಡಿಗೆ ಮೈ ತಾಗಿಸಿ ಎಳೆದರೂ ಮೂರು ಲೇನಿಗಿಂತ ಹೆಚ್ಚು ಬರುವುದಿಲ್ಲ. ನೂರು ಮೀಟರ್ ಓಟಕ್ಕೆ ನಾವು ಮೂಲೆಯಿಂದ ಮೂಲೆಗೆ ಗೆರೆ ಹಾಕುತ್ತಿದ್ದೆವು. ಈಗ ಆ ಕರ್ಣ ಸುಮಾರು 115 ಮೀಟರ್ ಇದೆ, ಆಮೇಲೆ ಸರಿಯಾಗಿ 100 ಆಗುತ್ತದೆ. ಅಂದರೆ ಓಡಿ ಗೆದ್ದ ಮಗು ನಿಲ್ಲಲು ಜಾಗವಿಲ್ಲದೆ ಗೋಡೆಗೆ ಹೋಗಿ ಹೊಡೆಯುತ್ತದೆ.

ಶಾಲೆಯ ಹಿಂಭಾಗದಲ್ಲಿ ಹಳೆಯ ಹೆಂಚಿನ ಕೊಠಡಿಗಳು ಬಿದ್ದ ಜಾಗವನ್ನೂ ಅಳೆದಿದ್ದೇನೆ. ಅಲ್ಲಿ ಭವನ ಹಿಡಿಸುತ್ತದೆ. ರಸ್ತೆಗೆ ಕಾಣುವುದಿಲ್ಲ, ನಿಜ. ಅಳತೆಯ ನಕ್ಷೆಯನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ಸಮಿತಿ ಏನು ತೀರ್ಮಾನ ಮಾಡಿದರೂ ನನ್ನ ಹಣ ವಾಪಸ್ಸು ಕೇಳುವುದಿಲ್ಲ, ಮುನಿಸೂ ಇಲ್ಲ. ತೀರ್ಮಾನಕ್ಕೆ ಮೊದಲು ಒಂದು ಸಲ ಎಲ್ಲರೂ ಮೈದಾನದಲ್ಲಿ ನಿಂತು ನೋಡಬೇಕು ಎಂಬುದಷ್ಟೇ ನನ್ನ ಬೇಡಿಕೆ. ಬೆಂಗಳೂರಿನಲ್ಲಿ ನನ್ನಂಥವರು ಒಂದು ಬೆಳಿಗ್ಗೆ ಓಡಬೇಕೆಂದರೆ ಊರಿನ ರಸ್ತೆಗಳನ್ನೇ ಮುಚ್ಚಬೇಕು, ಪೊಲೀಸರು ನಿಲ್ಲಬೇಕು. ಇಲ್ಲಿ ಐವತ್ತು ವರ್ಷದಿಂದ ದಿನವೂ, ಒಂದು ಪೈಸೆ ಶುಲ್ಕವಿಲ್ಲದೆ, ಮಕ್ಕಳಿಗೆ ಓಡಲು ಜಾಗ ಇದೆ. ನಮ್ಮ ಶಾಲೆಯ ನಿಜವಾದ ಆಸ್ತಿ ಅದು.

ಅದಕ್ಕೆ ನಾಳೆ ಬೆಳಿಗ್ಗೆ ಆರೂವರೆಗೆ ಈ ಮೈದಾನದಲ್ಲಿ ಒಂದು ಓಟ ಇಟ್ಟುಕೊಂಡಿದ್ದೇವೆ. ಐದು ಸುತ್ತು, ಒಂದು ಕಿಲೋಮೀಟರ್. ಮಕ್ಕಳು, ಮೇಷ್ಟ್ರುಗಳು, ತಾಯಂದಿರು, ಸಮಿತಿಯವರು ಯಾರು ಬೇಕಾದರೂ ಬರಬಹುದು. ನಡೆಯಬಹುದು, ಓಡಬಹುದು. ಗಡಿಯಾರ ಇಲ್ಲ, ಬಹುಮಾನ ಇಲ್ಲ, ಕೊನೆಯವರು ಇಲ್ಲ. ಮೂರನೇ ಸಾಲಿನ ಗೆಳೆಯ ನನ್ನ ಜೊತೆ ಓಡುತ್ತೇನೆಂದು ಒಪ್ಪಿದ್ದಾನೆ. ಅವನಿಗೆ ಈಗ ನನಗಿಂತ ಹೊಟ್ಟೆ ಜಾಸ್ತಿ, ಅವನು ಹಿಂದೆ ಬಿದ್ದರೆ ಯಾರೂ ನಗಬೇಡಿ. ಮೇಷ್ಟ್ರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಕೊನೆಯ ಸುತ್ತು ನನ್ನ ಕೈ ಹಿಡಿದು ನಡೆಯುತ್ತಾರೆ. ನಲವತ್ತು ವರ್ಷದ ಬಾಕಿ ಅದು.

ಇವತ್ತು ಸಂಜೆ ಐದಕ್ಕೆ ಗೆರೆ ಹಾಕುತ್ತೇನೆ. ಹಗ್ಗ ಹಿಡಿಯಲು ನಾಲ್ಕು ಮಕ್ಕಳು ಬೇಕು, ಪಿ.ಟಿ. ಪೀರಿಯಡ್ಡಿನಲ್ಲಿ ಮರದ ಕೆಳಗೆ ಕೂರುವವರಾದರೆ ಇನ್ನೂ ಒಳ್ಳೆಯದು. ಸುಣ್ಣ, ಡಬ್ಬ, ಗೂಟ ಎಲ್ಲಾ ತಂದಿದ್ದೇನೆ.